ಗಾಜಿನ ಕೋಣೆ ಮತ್ತು ಯಜಮಾನರ ಮುನಿಸು

ನಮ್ಮ ಯಜಮಾನರು ಬದುಕಿದ್ದಾಗ ಒಂದು ದಿನವೂ ಊಟದ ಮುಂದೆ ಮುನಿಸಿಕೊಂಡವರಲ್ಲ. ಸತ್ತು ಇಷ್ಟು ವರ್ಷವಾದ ಮೇಲೆ ಮುನಿಸಿಕೊಂಡರು. ಕಾರಣ, ಕುರುಬರಹಳ್ಳಿಯ ನಮ್ಮ ಮನೆಯ ತಾರಸಿ ಮೇಲೆ ನಾನು ಹಟ ಹಿಡಿದು ಕಟ್ಟಿಸಿದ ಗಾಜಿನ ಕೋಣೆ.

ಸನ್‌ರೂಮ್ ಅಂತ ಅದರ ಹೆಸರು. (ಬಿಸಿಲಿಗೂ ಒಂದು ರೂಮು ಬೇಕಾದ ಕಾಲ. ನಾವು ಮದುವೆಯಾದಾಗ ನಮಗೇ ರೂಮಿರಲಿಲ್ಲ.)

ಸೊಸೆ ಶೈಲಾ ಬೇಡವೇ ಬೇಡ ಎಂದಳು. "ಬೇಸಿಗೇಲಿ ಒಳಗೆ ಕೂತ್ರೆ ಬೆಂದುಹೋಗ್ತೀರ ಅತ್ತೆ. ಮಳೆಗೆ ಸೋರಿದ್ರೆ? ಅಷ್ಟು ಗಾಜು ಒರೆಸೋರ್ಯಾರು?"

"ಮಂಡಿಗೆ ಬೆಳಗಿನ ಬಿಸಿಲು ಬೇಕು ಅಂತ ಡಾಕ್ಟ್ರು ಹೇಳ್ಲಿಲ್ವೇನೇ? ಒಣಗಾಕಿದ ಬಟ್ಟೆ ನೆನೆಯಲ್ಲ. ಸಂಡಿಗೆ ಮೇಲೆ ಕಾಗೆ ಕೂರಲ್ಲ."

ಮಂಡಿ ಬರೀ ನೆಪ. ನನ್ನ ಮಹಾಸಮರವಿದ್ದದ್ದು ಕಾಗೆಗಳ ಜೊತೆ. ಬೇಸಿಗೆಯಿಡೀ ಕೋಲು ಹಿಡಿದು ಸಂಡಿಗೆ ಕಾಯುತ್ತಿದ್ದೆ. ಗಂಡ ಹೋದ ಮೇಲೆ ಮನಸಾರೆ ಜಗಳವಾಡಲು ನನಗೆ ಉಳಿದಿದ್ದ ಜೀವಗಳೂ ಅವೇ. ಅದು ಆಗ ಹೊಳೆಯಲಿಲ್ಲ.

ಮಗ ನಾಗಭೂಷಣ ನನ್ನ ಪಕ್ಷ ಸೇರಿದ. ಗೋಡೆಯಿಂದ ಗೋಡೆಗೆ ಗಾಜು, ತಲೆಯ ಮೇಲೂ ಗಾಜು. ಮೊದಲ ದಿನ ಮಹಾರಾಣಿಯಂತೆ ಕೂತೆ. ಹೊರಗೊಂದು ಕಾಗೆ ನನ್ನನ್ನು ಓರೆಗಣ್ಣಲ್ಲಿ ನೋಡಿ ಹಾರಿಹೋಯಿತು. ಆಮೇಲೆ ಯಾವುದೂ ಬರಲಿಲ್ಲ. ಬಿಸಿಲು ಬಂತು, ಮಾತುಕತೆ ನಿಂತಿತು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ತೀರಿಕೊಂಡವರಿಗೆ ಅಂದು ತಾರಸಿಯಲ್ಲಿ ಎಡೆಯಿಡಬೇಕು. ಅವರೇ ಕಾಗೆಯಾಗಿ ಬಂದು ಮುಟ್ಟಿದ ಮೇಲೆ ನಾವು ಉಣ್ಣಬೇಕು. ಚಿಕ್ಕಹನುಮಯ್ಯನವರಿಗೆ (ಗಂಡನ ಹೆಸರು ಹೇಳಬಾರದು, ಬರೆದರೆ ತಪ್ಪಿಲ್ಲವೇನೋ) ಇಷ್ಟವಾದ ನಾಟಿಕೋಳಿ ಸಾರು, ಮುದ್ದೆ, ವಡೆ, ಪಕ್ಕದಲ್ಲೊಂದು ಕಟ್ಟು ಬೀಡಿ. ಎಲೆ ಹಿಡಿದು ಹತ್ತಿದರೆ ಆಕಾಶವೇ ಇಲ್ಲ!

ಇದ್ದೊಂದು ಕಿಟಕಿ ತೆಗೆದು ಸಜ್ಜೆಯ ಮೇಲೆ ಎಲೆಯಿಟ್ಟು ಕರೆದೆ. "ಕಾ... ಕಾ... ಬನ್ರೀ, ತಪ್ಪಾಯ್ತು."

ಒಂದು ರೆಕ್ಕೆಯೂ ಅಲುಗಲಿಲ್ಲ. ಒಳಗೆ ಮೂವರೂ ಬೇಯುತ್ತಿದ್ದೆವು.

"ಅಮ್ಮ, ಶುಗರ್ ಮಾತ್ರೆ ನುಂಗಿದೀನಿ. ತಲೆ ಸುತ್ತುತಾ ಇದೆ."

"ನಿಮ್ಮಪ್ಪ ಹಸಿದಿರೋವಾಗ ನಿನಗೇನೋ ಅವಸರ?"

"ಮಾವ ಬರೋದಾದ್ರೂ ಎಲ್ಲಿಂದ ಅತ್ತೆ? ದಾರಿ ಮುಚ್ಚಿಸಿದ್ದು ನೀವೇ ಅಲ್ವಾ" ಎಂದಳು ಶೈಲಾ.

ನಾನು ಮತ್ತೆ ಕಿಟಕಿಯಾಚೆ ಇಣುಕಿದೆ. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಪಕ್ಕದ ತಾರಸಿಯಿಂದ ವಿಮಲಮ್ಮನ ಕೂಗು.

"ರೀ, ಇಲ್ನೋಡ್ರೀ! ನಿಮ್ಮನೆಯವ್ರು ನಮ್ಮನೇಲಿ ಉಪ್ಪಿಟ್ಟು ತಿಂತಿದಾರೆ!"

ನೋಡಿದರೆ ಹೌದು. ಆಕೆ ಚೆಲ್ಲಿದ ನಿನ್ನೆಯ ಉಪ್ಪಿಟ್ಟಿಗೆ ಒಂದು ದಪ್ಪ ಕಾಗೆ ಬಾಯಿ ಹಾಕಿತ್ತು.

"ಅವರು ಜನ್ಮದಲ್ಲಿ ಉಪ್ಪಿಟ್ಟು ಮುಟ್ಟಿದವರಲ್ಲ!"

"ನೀವ್ ಮಾಡಿದ್ದು ಮುಟ್ಟಿರಲ್ಲ, ಬಿಡಿ."

ಅವಮಾನ ನುಂಗಿಕೊಂಡು ಎಡೆ ಹೊತ್ತು ಮೆಟ್ಟಿಲಿಳಿದೆ, ಬೀದಿಗೆ ಬಂದೆ, ವಿಮಲಮ್ಮನ ಮೆಟ್ಟಿಲು ಹತ್ತಿದೆ. ನನ್ನ ಮುಖ ಕಂಡಿದ್ದೇ ತಡ, ಕಾಗೆ ಹಾರಿ ಮಾವಿನ ಕೊಂಬೆಯಲ್ಲಿ ಕೂತಿತು.

"ಎಲೆ ಇಲ್ಲೇ ಇಟ್ಟು ಮರೆಯಾಗ್ರೀ. ನೀವಿದ್ರೆ ಅವ್ರು ಬರಲ್ಲ" ಎಂದರು ವಿಮಲಮ್ಮ, ಯಾವುದೋ ಜನ್ಮದ ಸಂಬಂಧಿಯಂತೆ.

ಎಲೆಯಿಟ್ಟು ನೀರಿನ ಟ್ಯಾಂಕಿನ ಹಿಂದೆ ಮಂಡಿ ಮಡಚಿ ಕೂತೆ. ಕಾಗೆ ಇಳಿದು ಬಂದು ಎಡೆಗೆ ಬಾಯಿ ಹಾಕಿತು. ವಿಮಲಮ್ಮ "ತಿನ್ನಿ, ನಿಧಾನಕ್ಕೆ ತಿನ್ನಿ" ಎಂದು ಉಪಚರಿಸುತ್ತಿದ್ದರು. ಮದುವೆಯಾದಂದಿನಿಂದ ಬಡಿಸಿಕೊಂಡು ಬಂದ ನಾನು, ನನ್ನ ಗಂಡ ಪರರ ಮನೆಯಲ್ಲಿ ಉಣ್ಣುವುದನ್ನು ಕದ್ದು ನೋಡುತ್ತಾ ಉಸಿರು ಬಿಗಿಹಿಡಿದು ಕೂತಿದ್ದೆ.