ಜಪ್ತಿಯಾಗಿ ಬಂದ ಎಮ್ಮೆಯವರ ಸನ್ನಿಧಾನಕ್ಕೆ

ಶಿಕಾರಿಪುರ, ೧೯೫೮

ಕೋರ್ಟಿನ ಹುಕುಂ ಮೇರೆಗೆ ಕರುಸಮೇತ ನಮ್ಮ ಕೊಟ್ಟಿಗೆಗೆ ಚಿತ್ತೈಸಿ, ಹುಲ್ಲು ಹಿಂಡಿಯನ್ನೆಲ್ಲ ಸ್ವೀಕರಿಸಿಯೂ ನಮಗೊಂದು ತೊಟ್ಟು ಹಾಲನ್ನು ದಯಪಾಲಿಸದ ಮಾನ್ಯ ಎಮ್ಮೆಯವರೇ, ಬೆಲ್ಲದ ಮಂಡಿ ಪರಮಶಿವಪ್ಪನು ತಮ್ಮ ಕೊಂಬಿಗೆ ಹತ್ತಿರದಿಂದಲೂ ಗೊರಸಿಗೆ ತುಸು ದೂರದಿಂದಲೂ ಕೈಮುಗಿದು ಮಾಡಿಕೊಳ್ಳುವ ಅರಿಕೆ.

ನನ್ನ ಗಾಡಿ ಹೊಡೆಯುತ್ತಿದ್ದ ಕುಪ್ಪಗಡ್ಡೆಯ ಕೆಂಪಪ್ಪ ದಾರಿಯುದ್ದಕ್ಕೂ ನನ್ನ ಬೆಲ್ಲ ಮಾರಿಕೊಂಡು, ಆ ದುಡ್ಡಿನಲ್ಲಿ ತಮ್ಮನ್ನು ಕೊಂಡನೆಂಬುದು ರುಜುವಾತಾಗಿ, ಅವನು ಜೈಲಿಗೂ ತಾವು ನಮ್ಮ ಮನೆಗೂ ಹೋಗತಕ್ಕದ್ದೆಂದು ತೀರ್ಪಾದ ದಿನ ನಾನು ಬೀದಿಗೆಲ್ಲ ಮಂಡಕ್ಕಿ ಬೆಲ್ಲ ಹಂಚಿದೆ. ಕಳ್ಳನ ಸಂಪಾದನೆ ಕಿತ್ತು ಕಳೆದುಕೊಂಡವನಿಗೆ ಕೊಡಿಸುವ ಕಾನೂನೇ ಕಾನೂನು ಎಂದು ಕೊಂಡಾಡಿದೆ. ತಾವು ಕೆಂಪಪ್ಪನ ಹೆಂಡತಿ ಹುಚ್ಚಮ್ಮನ ಕೈಗಲ್ಲದೆ ಇನ್ನಾರಿಗೂ ಹಾಲಿಳಿಸುವವರಲ್ಲ ಎಂಬುದನ್ನು ಮಾತ್ರ ತೀರ್ಪಿನಲ್ಲಿ ಯಾರೂ ಬರೆದಿರಲಿಲ್ಲ.

ನನ್ನ ಹೆಂಡತಿ ನೀಲಾಂಬಿಕೆಯ ತಂಬಿಗೆಯನ್ನು ತಾವು ಬಾವಿಗೆ ಒದ್ದಿರಿ. ಅವಳು ಮತ್ತೆ ತಮ್ಮ ಹತ್ತಿರ ಸುಳಿಯಲಿಲ್ಲ. ರೂಢಿಯಾದವಳ ಸೀರೆ ಉಟ್ಟು ಕೂತರೆ ಎಮ್ಮೆ ನಂಬುತ್ತದೆಂದು ಊರವರು ಹೇಳಿದ್ದರಿಂದ, ಹುಚ್ಚಮ್ಮನಿಗೆ ಹೊಸ ಸೀರೆ ಕಳಿಸಿ ಅವಳ ಹಳೆಯದನ್ನು ತರಿಸಿ, ಮೀಸೆ ಮುಚ್ಚುವಂತೆ ಸೆರಗು ಹೊದ್ದು, ಮಂಡಿಯ ಯಜಮಾನನಾದ ನಾನೇ ಕೆಚ್ಚಲ ಬಳಿ ಕೂತೆ. ತಾವು ಮೂಸಿದಿರಿ, ಯೋಚಿಸಿದಿರಿ, ಆಮೇಲೆ ಒದ್ದಿರಿ. ಸೀರೆಯುಟ್ಟು ಸಗಣಿಗುಂಡಿಯಿಂದ ಮೇಲೇಳುವುದು ಎಷ್ಟು ಕಷ್ಟವೆಂದು, ಅಯ್ಯೋ ಶಿವನೇ, ಅಂದು ನನಗೆ ತಿಳಿಯಿತು.

ಕೊನೆಗೆ ಹುಚ್ಚಮ್ಮನನ್ನೇ ಕರೆಸಿದೆ. ಅವಳು ಬೆನ್ನು ಸವರಿದ್ದೇ ತಡ, ತಾವು ಬಕೀಟು ತುಂಬಿಸಿದಿರಿ. ಅವಳ ಕಂಕುಳಲ್ಲಿದ್ದ ಕೂಸು ಆ ಹಾಲಿನಿಂದ ಕಣ್ಣು ಕೀಳಲಿಲ್ಲ. ಮಗುವಿಗೆ ಈಗ ಏನು ಕುಡಿಸುತ್ತೀಯೆಂದು ನೀಲಾಂಬಿಕೆ ಕೇಳಿದಳು.

"ಗಂಜಿ ತಿಳಿ ಕುಡಸ್ತೀನ್ರೀ ಅಮ್ಮಾ. ಕದ್ದೋರು ಅವ್ರು, ಇದಕ್ಕೇನ್ ಗೊತ್ತು?" ಎಂದಳು ಹುಚ್ಚಮ್ಮ.

ನೀಲಾಂಬಿಕೆ ಕೊಟ್ಟ ಹಾಲನ್ನು ಕೂಸು ಎರಡು ಲೋಟ ಕುಡಿದು ಅಲ್ಲೇ ನಿದ್ದೆ ಹೋಯಿತು. ಅಂದಿನಿಂದ ನಾನು ಕಾಫಿಗೆ ಹಾಲು ಬೆರೆಸಿಕೊಳ್ಳುತ್ತಿಲ್ಲ. ಕೆಂಪಪ್ಪನ ಮೇಲೂ ತಮ್ಮ ಮೇಲೂ ಸಿಟ್ಟು ಬರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ತಪ್ಪಿಸಿಕೊಂಡು ಹೋಗಬೇಕೆಂದು ಪ್ರಾರ್ಥನೆ. ಕೋರ್ಟು ಕೊಡಿಸಿದ್ದನ್ನು ನಾನೇ ಕಳ್ಳನ ಮನೆಗೆ ಹೊಡೆದುಕೊಂಡು ಹೋದರೆ ಪೇಟೆ ನಗುತ್ತದೆ. ಈಗಾಗಲೇ ಸಾಕಷ್ಟು ನಕ್ಕಿದೆ. ನಾಳೆ ಬೆಳಿಗ್ಗೆ ಕಣ್ಣಿ ಸಡಿಲವಾಗಿರುತ್ತದೆ, ಕರುವಿನದೂ ಅಷ್ಟೇ. ಕುಪ್ಪಗಡ್ಡೆಗೆ ಹೋಗುವ ಸೊರಬದ ರಸ್ತೆ ತಮಗೆ ಗೊತ್ತೇ ಇದೆ. ಓಡುವ ಶ್ರಮ ಬೇಡ, ಗತ್ತಿನಿಂದ ನಡೆದೇ ಹೋಗಿ; ನಾನು ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತೇನೆ.

ಇಷ್ಟು ಒದೆ ತಿಂದೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಪರಮಶಿವಪ್ಪ

ತಾ.ಕ.: ತಾವು ಹೊರಟ ಮೇಲೆ ಎಮ್ಮೆ ಕಳುವಾಯಿತೆಂದು ನಾನು ಫಿರ್ಯಾದು ಕೊಡಲೇಬೇಕು. ಕೆಂಪಪ್ಪ ಜೈಲಿನಲ್ಲೇ ಇರುವುದರಿಂದ ಅವನ ಮೇಲೆ ಗುಮಾನಿಯಿಲ್ಲ. ಹಾಗಾದರೆ ಕಳ್ಳನೆಂದು ಯಾರ ಹೆಸರು ಬರೆಸಲಿ ಎಂದು ಕೇಳಿದ್ದಕ್ಕೆ, ನಿಮ್ಮದೇ ಬರೆಸಿ ಎಂದಿದ್ದಾಳೆ ನೀಲಾಂಬಿಕೆ.