ಎರಡರಿಂದ ನಾಲ್ಕೂವರೆಯವರೆಗೆ

ಮಧ್ಯಾಹ್ನದ ನಿದ್ದೆಯನ್ನು ಸೋಮಾರಿತನ ಎನ್ನುವವರ ಜೊತೆ ನಾನು ಹೆಚ್ಚು ಹೊತ್ತು ಮಾತಾಡುವುದಿಲ್ಲ. ಮಾತಾಡಿದರೆ ಜಗಳವಾಗುತ್ತದೆ, ಜಗಳವಾದರೆ ನಿದ್ದೆ ಹಾರಿಹೋಗುತ್ತದೆ, ನಷ್ಟ ನನಗೇ. ಕಾರವಾರದ ಹಬ್ಬುವಾಡದಲ್ಲಿ ಹುಟ್ಟಿ ಬೆಳೆದವನಿಗೆ ಕುಚ್ಚಲಕ್ಕಿ ಅನ್ನ, ಬಾಂಗಡೆ ಸಾರು ಆದ ಮೇಲೆ ಕಣ್ಣು ಬಿಟ್ಟುಕೊಂಡಿರು ಎನ್ನುವುದು, ಉಬ್ಬರದ ಹೊತ್ತಿನಲ್ಲಿ ಸಮುದ್ರಕ್ಕೆ ‘ಸ್ವಲ್ಪ ತಡಿ’ ಎಂದ ಹಾಗೆ. ಒಂದೂವರೆಗೆ ಕಡಲಗಾಳಿ ಏಳುತ್ತದೆ. ಮೊದಲು ಕಿಟಕಿಯ ಪರದೆ ಅಲ್ಲಾಡುತ್ತದೆ, ಆಮೇಲೆ ಗೋಡೆಯ ಕ್ಯಾಲೆಂಡರಿನ ಹಾಳೆ ಪಟಪಟ ಅನ್ನುತ್ತದೆ, ಆಮೇಲೆ ಕೈಯಲ್ಲಿರುವ ಪತ್ರಿಕೆಯ ಅಕ್ಷರಗಳು ಒಂದೊಂದಾಗಿ ಕಳಚಿಕೊಂಡು ತೇಲತೊಡಗುತ್ತವೆ. ಅಲ್ಲಿಂದ ಮುಂದಿನದು ನನಗೆ ಗೊತ್ತಿಲ್ಲ. “ನಿಮ್ಮನ್ನ ನೋಡಿ ನೋಡಿ ನಮ್ಮ ಗಡಿಯಾರನೂ ಎರಡಕ್ಕೆ ಆಕಳಿಸ್ತದೆ” ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೇಳಲಿ.

ಇಂಥವನನ್ನು ಐವತ್ತಮೂರನೆಯ ವಯಸ್ಸಿನಲ್ಲಿ ಬೇಸಿಗೆ ಶಾಲೆಗೆ ಹಾಕಿದರು. ವಿಶ್ವವಿದ್ಯಾಲಯದವರು ಸಮಾಜವಿಜ್ಞಾನದ ಎಲ್ಲ ವಿಷಯಗಳನ್ನೂ ಸೇರಿಸಿ ಕಾಲೇಜು ಅಧ್ಯಾಪಕರಿಗಾಗಿ ಕಾರವಾರದಲ್ಲೇ ನಡೆಸಿದ ಮೂರು ವಾರದ ಶಿಬಿರ ಅದು. ಅದರ ಪ್ರಮಾಣಪತ್ರವಿಲ್ಲದೆ ನನಗೆ ಬಡ್ತಿ ಇಲ್ಲ. ನಾನು ಅರ್ಥಶಾಸ್ತ್ರ ಹೇಳಿಕೊಟ್ಟ ಹುಡುಗರೇ ನನಗಿಂತ ಮೇಲಿನ ಹುದ್ದೆಯಲ್ಲಿ ಕೂತು “ಸರ್, ಒಂದು ಸರ್ಟಿಫಿಕೇಟ್ ಮಾಡ್ಕೊಂಡುಬಿಡಿ” ಎಂದು ಕನಿಕರಪಡುವಾಗ ಮೈಯೆಲ್ಲ ಉರಿಯುತ್ತದೆ. ಸರಿ, ಚೀಲ ಹೆಗಲಿಗೇರಿಸಿ ಹೋದೆ. ಬೆಳಿಗ್ಗೆ ಒಂಬತ್ತೂವರೆಗೆ ಒಬ್ಬರು ಬಂದು ಮನುಷ್ಯನನ್ನು ನಡೆಸುವುದು ಲಾಭದ ಆಸೆ ಎನ್ನುತ್ತಿದ್ದರು. ಹನ್ನೊಂದಕ್ಕೆ ಇನ್ನೊಬ್ಬರು, ಅಲ್ಲವೇ ಅಲ್ಲ, ಜಾತಿ ಎನ್ನುತ್ತಿದ್ದರು. ಹನ್ನೆರಡಕ್ಕೆ ಮತ್ತೊಬ್ಬರು ಇತಿಹಾಸ ಎನ್ನುತ್ತಿದ್ದರು. ಊಟವಾದ ಮೇಲೆ ಮನುಷ್ಯನನ್ನು ಯಾವುದೂ ನಡೆಸುವುದಿಲ್ಲ ಎಂಬುದು ಎಲ್ಲರ ಕಣ್ಣೆದುರೇ ಇತ್ತು. ನಲವತ್ತು ಜನ ಅಧ್ಯಾಪಕರು ಕೂತಲ್ಲೇ ತೂಗುತ್ತಿದ್ದೆವು.

ಎರಡನೆಯ ವಾರ ಕ್ಷೇತ್ರಕಾರ್ಯ. ಶಿಬಿರದ ಮೇಲ್ವಿಚಾರಣೆ ಮಾಡುತ್ತಿದ್ದ ಮೇಡಂ ನಮಗೆಲ್ಲ ಒಂದೊಂದು ದಿನಚರಿ ಹಾಳೆ ಕೊಟ್ಟರು. ಒಂದು ದಿನವನ್ನು ಅರ್ಧ ಅರ್ಧ ಗಂಟೆಯ ಚೌಕಗಳಾಗಿ ಕತ್ತರಿಸಿಟ್ಟಿತ್ತು. ಒಬ್ಬ ದುಡಿಯುವ ಹೆಂಗಸಿನ ಮನೆಗೆ ಹೋಗಿ, ಅವಳು ಯಾವ ಅರ್ಧ ಗಂಟೆ ಏನು ಮಾಡಿದಳು ಎಂದು ನಂಬರು ಹಾಕಬೇಕು. ಅಡುಗೆ ಒಂದು, ನೀರು ಎರಡು, ಕೂಲಿ ನಾಲ್ಕು, ವಿಶ್ರಾಂತಿ ಒಂಬತ್ತು. “ನೀವು ಅಲ್ಲಿ ಇದ್ದೂ ಇಲ್ಲದ ಹಾಗಿರಬೇಕು. ನಿಮ್ಮಿಂದ ಅವರ ದಿನ ಬದಲಾಗಬಾರದು” ಎಂದು ಮೇಡಂ ಬೆರಳೆತ್ತಿ ಹೇಳಿದರು. ಇದ್ದೂ ಇಲ್ಲದ ಹಾಗಿರುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವವಿದೆ ಎಂದುಕೊಂಡೆ.

ನನಗೆ ಸಿಕ್ಕಿದ್ದು ಏಳನೇ ನಂಬರಿನ ಮನೆ, ಅಂಕೋಲೆಯ ಕೇಣಿಯಲ್ಲಿ. ಮನೆಯಾಕೆ ಹೊನ್ನಮ್ಮ, ನನ್ನಷ್ಟೇ ವಯಸ್ಸು. ಗಂಡ ಬೋಟಿನ ಕೆಲಸಕ್ಕೆ ಹೋದವನು ವಾರಕ್ಕೊಮ್ಮೆ ಬರುತ್ತಾನೆ. ಒಬ್ಬಳೇ ಮಗಳನ್ನು ಅಗಸೂರಿಗೆ ಕೊಟ್ಟಿದೆ. ಮೊದಲ ಬಸ್ಸು ಹಿಡಿದು ನಾನು ತಲುಪುವ ಹೊತ್ತಿಗೆ ಆಕೆ ನಾಲ್ಕೈದು ಚೌಕದ ಕೆಲಸ ಮುಗಿಸಿ ಕೂತಿದ್ದಳು. ಆಮೇಲೆ ಶೇಂಗಾ ಗದ್ದೆಗೆ ಹೊರಟಳು. ನಾನು ಕೊಡೆ ಹಿಡಿದು ಹಿಂದೆ ಹಿಂದೆ ಹೋದೆ. ಗದ್ದೆಯ ಹೆಂಗಸರು ನನ್ನನ್ನು ನೋಡಿ ಬಾಯಿಗೆ ಸೆರಗು ಹಚ್ಚಿ ನಕ್ಕರು. ನಾನು ಇಲ್ಲವೆಂದುಕೊಂಡೇ ನಂಬರು ಹಾಕಿದೆ.

ಒಂದು ಗಂಟೆಗೆ ಊಟಕ್ಕೆ ಮನೆಗೆ ಬಂದೆವು. ನಾನು ಬುತ್ತಿ ತಂದಿದ್ದೇನೆ ಎಂದರೆ ಹೊನ್ನಮ್ಮ ಕೇಳಬೇಕಲ್ಲ. “ಎಂತಾ ಮಾತು ಮಾಸ್ತರ್ರೆ! ಮನೆಗೆ ಬಂದವ್ರು ಗಂಟು ಬಿಚ್ಚಿ ಉಣ್ಣೂದ? ಕೂತ್ಕಣಿ.” ಬಾಂಗಡೆ ಸಾರಿನ ಪರಿಮಳ ಬಂತು. ನಾನು ನಿಯಮಕ್ಕೆ ಅರ್ಧ ದಿನ ರಜೆ ಕೊಟ್ಟೆ. ಉಂಡು ಕೈತೊಳೆದು ಬರುವಷ್ಟರಲ್ಲಿ ಜಗಲಿಯ ಮೇಲೆ ಚಾಪೆ ಹಾಸಿತ್ತು. “ಹತ್ತು ನಿಮಿಷ ಅಡ್ಡಾಗಿ. ಎರಡಕ್ಕೆ ಗದ್ದೆಗೆ ಹೋಗೂದೇ ಅಲಾ” ಎಂದಳು.

ಗಾಳಿಮರಗಳ ಸಾಲಿನಿಂದ ಗಾಳಿ ಬರುತ್ತಿತ್ತು. ಸಮುದ್ರ ಎಲ್ಲೋ ಆಚೆ ಪಾಠ ಒಪ್ಪಿಸುವ ಮಗುವಿನಂತೆ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಸಗಣಿ ಸಾರಿಸಿದ ನೆಲದ ತಂಪು ಚಾಪೆ ದಾಟಿ ಬೆನ್ನಿಗೆ ಹತ್ತಿತು. ನಾನೊಂದು ದೋಣಿಯಲ್ಲಿದ್ದೆ. ನಾಲ್ಕು ವಿಷಯದ ನಾಲ್ಕು ಪ್ರಾಧ್ಯಾಪಕರು ನಾಲ್ಕು ದಿಕ್ಕಿಗೆ ಹುಟ್ಟು ಹಾಕುತ್ತಿದ್ದರು. ದೋಣಿ ನಿಂತಲ್ಲೇ ನಿಂತಿತ್ತು, ಎಲ್ಲರಿಗೂ ಸಂತೋಷವೋ ಸಂತೋಷ. ನೀರಿನೊಳಗೆ ನನ್ನ ದಿನಚರಿ ಹಾಳೆ ಹರಡಿಕೊಂಡಿತ್ತು. ಮೀನುಗಳು ಒಂದೊಂದಾಗಿ ಬಂದು ಒಂದೊಂದು ಚೌಕದಲ್ಲಿ ಮಲಗುತ್ತಿದ್ದವು. ಬಡ್ತಿಯ ಆದೇಶವನ್ನು ಒಂದು ಕಾಗೆ ತಂದಿತು. ಬೇಡ, ಆಮೇಲೆ ಬಾ ಎಂದೆ.

ಕಣ್ಣು ಬಿಟ್ಟಾಗ ನಾಲ್ಕೂವರೆ. ಹೊನ್ನಮ್ಮ ಹೊಸ್ತಿಲ ಮೇಲೆ ಕೂತು, ಸದ್ದಾಗದಂತೆ, ಪೊರಕೆಯ ಹಿಡಿಕಡ್ಡಿ ಆಡಿಸಿ ನನ್ನ ಕಾಲ ಬಳಿ ಬರುತ್ತಿದ್ದ ಕೋಳಿಯನ್ನು ಅಟ್ಟುತ್ತಿದ್ದಳು. ನಾನು ದಡಬಡಿಸಿ ಎದ್ದೆ. “ಗದ್ದೆಗೆ ಹೋಗಲಿಲ್ಲವೇ?”

“ಹ್ಯಾಂಗೆ ಹೋಗೂದು? ಮನೆಗೆ ಬಂದು ಮಲಗ್ದವ್ರನ್ನ ಎಬ್ಸೂಕಾಗ್ತದ್ಯೆ? ಹಂಗಂತ ನಿಮ್ಮ ಒಬ್ರನ್ನೇ ಬಿಟ್ಟು ಹೋದ್ರೆ ಕೇರಿಯವ್ರು ಎಂತ ಅಂದಾರು?”

“ಒಂದು ಸಲ ಕರೆಯಬಾರದಿತ್ತೇ?”

“ಕರೀವ ಅಂತೇ ಬಂದೆ. ನಿದ್ದೆಯಲ್ಲೇ ನಗ್ತಾ ಇದ್ರಿ. ಹಂಗಿದ್ದವ್ರನ್ನ ಎಬ್ಸೂಕೆ ಯಾರಿಗೆ ಮನಸ್ಸು ಬತ್ತದೆ? ತಡೀರಿ, ಚಾ ಮಾಡ್ತೆ.”

ತಿರುಗಿ ಬರುವ ಬಸ್ಸಿನಲ್ಲಿ ಹಾಳೆ ತೆಗೆದೆ. ಐದು ಚೌಕ ಖಾಲಿ. ನಿಜ ಬರೆದರೆ ನನ್ನ ಪ್ರಮಾಣಪತ್ರಕ್ಕೆ ಎಳ್ಳುನೀರು. ಸುತ್ತಮುತ್ತ ನೋಡಿ, ಕಳ್ಳನ ಹಾಗೆ, ಐದಕ್ಕೂ ಒಂಬತ್ತು ಹಾಕಿದೆ. ವಿಶ್ರಾಂತಿ. ಪೂರ್ತಿ ಸುಳ್ಳೂ ಅಲ್ಲ, ಆ ಮನೆಯಲ್ಲಿ ಒಬ್ಬರು ವಿಶ್ರಾಂತಿ ತೆಗೆದುಕೊಂಡಿದ್ದು ಹೌದು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. “ಇಪ್ಪತ್ತೈದು ವರ್ಷದಿಂದ ಮಧ್ಯಾಹ್ನ ಮೀನು ಮಾರೋಳಿಗೆ ಕೂಗಬೇಡ ಅಂತ ಗೇಟಿಗೆ ಓಡೋಳು ನಾನು. ನನ್ನದು ಯಾವ ನಂಬರು?” ಎಂದಳು. ಅವತ್ತು ರಾತ್ರಿ ಹಾಸಿಗೆ ನಾನೇ ಹಾಸಿಕೊಂಡೆ.

ಮೂರನೆಯ ವಾರ, ಊಟದ ನಂತರದ ತರಗತಿಯಲ್ಲಿ, ಮೇಡಂ ನಮ್ಮ ಹಾಳೆಗಳನ್ನು ಪರದೆಯ ಮೇಲೆ ತೋರಿಸಿದರು. ಏಳನೇ ಮನೆ ಬಂದಾಗ ಎಲ್ಲರೂ ನೆಟ್ಟಗೆ ಕೂತರು. ಕೂಲಿ ಮಾಡುವ ಹೆಂಗಸಿಗೆ ಹಗಲಲ್ಲಿ ಸತತ ಎರಡೂವರೆ ಗಂಟೆ ವಿರಾಮ! ಬೇರೆ ಯಾವ ಹಾಳೆಯಲ್ಲೂ ಇಂಥದ್ದು ಇರಲಿಲ್ಲ. ಒಬ್ಬರು ಇದು ಹೊಸ ಶೋಧನೆ ಎಂದರು. ಇನ್ನೊಬ್ಬರು ಎದ್ದು, ಹೀಗೆ ವ್ಯರ್ಥವಾಗುವ ಸಮಯದಲ್ಲಿ ಇಂಥ ಮಹಿಳೆಯರಿಗೆ ಮೇಣದಬತ್ತಿ ಮಾಡುವ ತರಬೇತಿ ಕೊಡಬಹುದು ಎಂದರು. ಮಗದೊಬ್ಬರು ಅದನ್ನು ಬರೆದುಕೊಳ್ಳತೊಡಗಿದರು. ನನಗೆ ಎಲ್ಲಿತ್ತೋ ಸಿಟ್ಟು. ಆ ಹೆಂಗಸು ನನ್ನ ಕಾಲ ಬಳಿ ಕೋಳಿ ಅಟ್ಟುತ್ತ ಕೂತಿದ್ದು ಕಣ್ಣಿಗೆ ಕಟ್ಟಿತು. “ಸುಮ್ಮನಿರ್ರಿ ಮಾರಾಯ್ರೆ! ಆ ಎರಡೂವರೆ ಗಂಟೆ ಮಲಗಿದ್ದು ನಾನು. ಅವಳು ನನ್ನನ್ನು ಕಾದು ಕೂತಿದ್ದಳು” ಎಂದು ಕೂಗಿಯೇಬಿಟ್ಟೆ. ಊಟದ ನಂತರ ಆ ಸಭಾಂಗಣದಲ್ಲಿ ಎಲ್ಲರಿಗೂ ಒಟ್ಟಿಗೆ ಎಚ್ಚರವಾದದ್ದು ಅದೇ ಮೊದಲು.

ಮೇಡಂ ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. “ಹೋಗಿ ಅವರನ್ನೇ ಕೇಳಿ, ಸರಿಯಾಗಿ ತುಂಬಿಸಿಕೊಂಡು ಬನ್ನಿ. ಅಲ್ಲಿಯವರೆಗೆ ಪ್ರಮಾಣಪತ್ರ ನನ್ನ ಹತ್ತಿರ ಇರಲಿ” ಎಂದರು.

ಮರುದಿನ ಕೇಣಿಗೆ ಹೋದೆ. ಹೊನ್ನಮ್ಮ ಗದ್ದೆಗೆ ಹೊರಟು ನಿಂತಿದ್ದಳು. ನಾನು ತಪ್ಪೊಪ್ಪಿಕೊಂಡು, ಅವತ್ತು ನನ್ನಿಂದ ನಿನ್ನ ಯಾವ ಯಾವ ಕೆಲಸ ತಪ್ಪಿತು ಹೇಳು ಎಂದೆ. ಅವಳಿಗೆ ಹೇಳಲು ಇಷ್ಟವಿರಲಿಲ್ಲ. ಒತ್ತಾಯ ಮಾಡಿದ ಮೇಲೆ ಬಾಯಿ ಬಿಟ್ಟಳು. “ಅವತ್ತು ಆ ಗದ್ದೆ ಕೆಲಸ ಮುಗೀತು ಮಾಸ್ತರ್ರೆ. ಮುಗ್ಸೂಕೆ ಇದ್ದವ್ರಿಗೆಲ್ಲ ಒಂದೊಂದು ಬುಟ್ಟಿ ಹಸಿ ಶೇಂಗಾ ಕೊಡೂದು ಪದ್ಧತಿ. ನಮ್ಮ ಮಗಳಿಗೆ ಈಗ ಏಳು ತಿಂಗಳು. ಉಪ್ಪು ಹಾಕಿ ಬೇಸಿದ ಶೇಂಗಾ ಬೇಕು ಅಂದಿತ್ತು. ಕಳಿಸ್ತೆ ಅಂದಿದ್ದೆ.”

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅಗಸೂರಿನಲ್ಲಿ ಬಸುರಿ ಹುಡುಗಿಯೊಬ್ಬಳು ತಾಯಿಯ ಶೇಂಗಾ ಬರುತ್ತದೆಂದು ದಾರಿ ನೋಡಿದ್ದಾಳೆ, ಇಲ್ಲಿ ನಾನು ನಿದ್ದೆಯಲ್ಲಿ ನಗುತ್ತ ಬಿದ್ದುಕೊಂಡಿದ್ದೇನೆ. ಪೇಟೆಯಿಂದ ತಂದುಕೊಡುತ್ತೇನೆ ಎಂದೆ. “ಪೇಟೇದು ಒಣಗಿದ್ದು. ಬಸುರಿ ಬಾಯಿಗೆ ಹಸೀದೇ ಆಗ್ಬೇಕು. ಇವತ್ತು ಇನ್ನೊಂದು ಗದ್ದೆ ಮುಗೀತದೆ, ಬಿಡಿ” ಎಂದು ಹೊರಟಳು. ಹಾಗಾದರೆ ನಾನೂ ಬರುತ್ತೇನೆ, ನನ್ನ ಪಾಲಿನ ಬುಟ್ಟಿಯೂ ನಿನ್ನ ಮಗಳಿಗೇ ಎಂದು ಪ್ಯಾಂಟು ಮಡಿಚಿದೆ. ಅವಳು ಬೇಡ ಬೇಡ ಎಂದಳು. ನಾನು ಕೇಳಲಿಲ್ಲ.

ಕಿತ್ತ ಗಿಡಗಳನ್ನು ಮರದಡಿ ರಾಶಿ ಹಾಕಿ, ಹೆಂಗಸರು ಸುತ್ತ ಕೂತು ಕಾಯಿ ಬಿಡಿಸುತ್ತಾರೆ. ನೋಡಲು ಸುಲಭ. ನಾನು ಎಳೆಯದು ಬಲಿತದ್ದು ಎಲ್ಲ ಸೇರಿಸಿ ತೊಟ್ಟು ಸಮೇತ ಕಿತ್ತೆ. ಹೊನ್ನಮ್ಮ ತನ್ನ ಕೆಲಸ ಬಿಟ್ಟು ನನ್ನ ಬುಟ್ಟಿ ಆರಿಸಿದಳು. ನೆರಳು ಸರಿದ ಹಾಗೆಲ್ಲ ನಾನು ಜಾಗ ಬದಲಿಸಿದೆ, ಹೋದಲ್ಲೆಲ್ಲ ಬಿಡಿಸಿದ ಕಾಯಿ ತುಳಿದೆ. ಎರಡು ಸಲ ನೀರು ಕೇಳಿದೆ, ಅವಳೇ ಎದ್ದು ತಂದಳು. ಮೂರು ಗಂಟೆಗೆ ಕಣ್ಣು ಎಳೆಯತೊಡಗಿದಾಗ ಈ ಸಲ ಮಲಗಕೂಡದು ಎಂದು ಹಟ ಹಿಡಿದು ಎದ್ದು, ಸಮುದ್ರ ನೋಡುತ್ತ ಎಲ್ಲೋ ನಡೆದುಬಿಟ್ಟೆನಂತೆ. ಹೊನ್ನಮ್ಮ ಗಾಳಿಮರಗಳ ನಡುವೆ “ಮಾಸ್ತರ್ರೇ, ಹೋ ಮಾಸ್ತರ್ರೇ” ಎಂದು ಕೂಗುತ್ತ ಹುಡುಕಿಕೊಂಡು ಬಂದಳು. ಸಂಜೆ ಗದ್ದೆಯ ಒಡತಿ ಅವಳಿಗೆ ಒಂದು ಬುಟ್ಟಿ ಶೇಂಗಾ ಅಳೆದು ಕೊಟ್ಟು, ನನ್ನನ್ನು ನೋಡಿ, ಸ್ವಲ್ಪ ಯೋಚಿಸಿ, ಒಂದು ಹಿಡಿ ಕೊಟ್ಟಳು. ಅದನ್ನೂ ಹೊನ್ನಮ್ಮನ ಬುಟ್ಟಿಗೇ ಹಾಕಿದೆ.

ಹಾಳೆಯ ಐದು ಚೌಕಗಳನ್ನು ಅವಳೆದುರಿಗೇ ಕೂತು ತುಂಬಿದೆ. ಮಲಗಿದವನನ್ನು ಕಾಯುವ ಕೆಲಸಕ್ಕೆ ನಂಬರು ಇರಲಿಲ್ಲವಾದ್ದರಿಂದ ಅಕ್ಷರದಲ್ಲೇ ಬರೆದೆ. ಹಾಳೆಯ ಕೊನೆಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ನಿಮ್ಮ ಭೇಟಿಗಳಿಂದ ಆ ಮನೆಗೆ ಆದ ಪ್ರಯೋಜನವೇನು? ಪೆನ್ನು ಹಿಡಿದುಕೊಂಡು, ಏನು ಬರೆಯಲಿ ಹೊನ್ನಮ್ಮಾ, ಇವತ್ತು ನಾನು ಬಂದದ್ದಕ್ಕೆ ಸ್ವಲ್ಪವಾದರೂ ಅನುಕೂಲವಾಯಿತೋ ಎಂದು ಕೇಳಿದೆ. ಅವಳು ಬುಟ್ಟಿಯನ್ನು ತಲೆಗೇರಿಸಿಕೊಂಡಳು.

“ಹೇಳ್ತೆ ಅಂತ ಸಿಟ್ಟು ಮಾಡ್ಕಣಬೇಡಿ ಮಾಸ್ತರ್ರೆ. ಅವತ್ತು ಮಲಗಿದ್ರಲಾ, ಅದೇ ಚೊಲೋ ಇತ್ತು. ಒಂದೇ ಕಡೆ ಇದ್ರಿ.”

ಹಾಗೆಯೇ ಬರೆದು ಕೊಟ್ಟೆ.