ಗಡ್ಡವಿಲ್ಲದ ಮೇಕೆ

ಗಂಡ ನೋಡಿದ್ದನ್ನು ಹೆಂಡತಿ ನೋಡದೆ ಹೋದರೆ, ಅದನ್ನು ಆಯುಷ್ಯಪೂರ್ತಿ ಕೇಳುತ್ತಿರಬೇಕಾಗುತ್ತದೆ. ನಾನು ನೋಡದೆ ಹೋದದ್ದು ನೀಲಗಿರಿ ತಾರ್ ಎಂಬ ಕಾಡುಮೇಕೆಯನ್ನು. ಮುನ್ನಾರಿನ ಬೆಟ್ಟದಲ್ಲಿ ಅದು ಬಂಡೆಯ ತುದಿಗೆ ಬಂದು ನಿಂತಾಗ ನಾನು ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿದ್ದೆ. ತಲೆಯೆತ್ತುವಷ್ಟರಲ್ಲಿ ಬರೀ ಮಂಜು. "ನೇರ ನನ್ನ ಕಣ್ಣಲ್ಲೇ ಕಣ್ಣಿಟ್ಟು ನೋಡ್ತು ಕಣೇ. ಯೂ ಮಿಸ್ಡ್ ಇಟ್!" ಎಂದರು ನಮ್ಮವರು.

ನಮ್ಮವರು ಮುಳಬಾಗಿಲಿನಲ್ಲಿ ಝುವಾಲಜಿ ಮೇಷ್ಟ್ರು. ಅಂದಿನಿಂದ ಊಟಕ್ಕೆ ಕೂತರೆ ಅದೇ ಲೆಕ್ಚರು. ಹೆಸರಿಗೆ ಮೇಕೆ, ನೆಂಟಸ್ತಿಕೆಯೆಲ್ಲ ಕುರಿಯ ಕಡೆ. ಗೊರಸಿನ ಅಂಚು ಗಟ್ಟಿ, ನಡುವೆ ರಬ್ಬರಿನಂಥ ಮೆತ್ತೆ, ಹಾಗಾಗಿ ಕಡಿದಾದ ಬಂಡೆಯಲ್ಲೂ ಜಾರುವುದಿಲ್ಲ. ವಯಸ್ಸಾದ ಗಂಡಿಗೆ ಬೆನ್ನ ಮೇಲೆ ಬೆಳ್ಳಿಯ ಜೀನು ಹಾಕಿದಂಥ ಬಣ್ಣ. ಈ ಗಂಡುಗಳು ವರ್ಷದ ಹೆಚ್ಚು ಭಾಗ ಬೇರೆಯೇ ಇದ್ದು, ಮಳೆಗಾಲದಲ್ಲಿ ಮಾತ್ರ ಹೆಣ್ಣುಗಳ ಹಿಂಡಿಗೆ ಬರುತ್ತವಂತೆ. "ವೆರಿ ಸೆನ್ಸಿಬಲ್ ಅರೇಂಜ್‌ಮೆಂಟ್," ಎಂದು ನಾನು ಸಾರು ಬಡಿಸುತ್ತ ಹೇಳಿದ್ದೆ. ಅವರು ತೀರಿಕೊಂಡ ಮೇಲೆ, ಮಳೆ ಹಿಡಿದರೆ ಆ ಜೋಕು ನನಗೇ ತಿರುಗುಬಾಣವಾಗುತ್ತದೆ. ಒಂದೇ ಒಂದು ಮಳೆಗಾಲಕ್ಕೆ ಬಂದು ಹೋದರೂ ಸಾಕಿತ್ತು.

ಮತ್ತೆ ಮುನ್ನಾರಿಗೆ ಹೋಗೋಣವೆಂದರೆ ಮಂಡಿ ಒಪ್ಪಲಿಲ್ಲ. ಮೇಕೆಯನ್ನೇ ಮನೆಗೆ ತರಿಸೋಣವೆಂದು, ದೇವರ ವಿಗ್ರಹ ಕೆತ್ತುವ ಶಿವಾರಪಟ್ಟಣಕ್ಕೆ ಹೊರಟೆ. ಜೊತೆಗೆ ಬಂದ ನಾದಿನಿ ಸರಸ ದಾರಿಯುದ್ದಕ್ಕೂ ಗೊಣಗಿದಳು: "ಅತ್ತಿಗೇ, ಅಣ್ಣನ ಫೋಟೋ ದೊಡ್ಡದು ಮಾಡ್ಸು ಅಂದ್ರೆ ಮೇಕೆ ಮಾಡಿಸ್ತಿದ್ದೀಯಲ್ಲ! ಊರೋರು ಏಮನುಕುಂಟಾರು, ಏನಂದ್ಕೊಂತಾರೆ?"

ನಮ್ಮವರ ಪುಸ್ತಕದಲ್ಲಿದ್ದ ಚಿತ್ರ ತೋರಿಸಿದರೆ ಶಿಲ್ಪಿ ಆಚಾರ್ರಿಗೂ ಸಮಾಧಾನವಿಲ್ಲ. "ಗಡ್ಡ ಇಲ್ದಿದ್ರೆ ಮೇಕೆ ಹೆಂಗಾಗ್ತದಮ್ಮ? ಹೋಗ್ಲಿ, ಯಾವ ದೇವ್ರ ವಾಹನ ಇದು?"

"ಯಾರನ್ನೂ ಹೊರಲ್ಲ ಆಚಾರ್ರೇ. ಸುಮ್ನೆ ನಿಂತ್ಕೊಂಡು ನೋಡುತ್ತೆ."

"ಕೆಲ್ಸ ಇಲ್ದೆ ನಿಂತೋರ್ನೆಲ್ಲ ಕಲ್ಲಲ್ಲಿ ಕೆತ್ತೋದಾದ್ರೆ ಮೊದ್ಲು ನಮ್ಮ ಬಾಮೈದನ್ನ ಕೆತ್ತಬೇಕು," ಎನ್ನುತ್ತಲೇ ಅಡ್ವಾನ್ಸ್ ತೆಗೆದುಕೊಂಡರು. ಬೆನ್ನಿನ ಬೆಳ್ಳಿಗೆ, ಅಷ್ಟು ಜಾಗ ಪಾಲಿಶ್ ಮಾಡದೆ ಬಿಟ್ಟರೆ ಕಪ್ಪು ಕಲ್ಲಲ್ಲೂ ಬೆಳ್ಳಗೆ ಕಾಣುತ್ತದೆಂದರು.

ಅವರಲ್ಲಿ ವಿಗ್ರಹದ ಕಣ್ಣು ಕೆತ್ತಿ ತೆರೆಯುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ನಮ್ಮನ್ನು ಮತ್ತೆ ಕರೆಸಿದರು. ಉಳಿ ಹಿಡಿದು ಕೂತವರು, "ವಾಹನ ಅಂದ್ರೆ ದೇವ್ರನ್ನ ನೋಡ್ತಿರ್ತದಮ್ಮ. ಇದು ಯಾರನ್ನ ನೋಡ್ಬೇಕು?" ಎಂದು ಕೇಳಿದರು.

ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ಗೆದ್ದ ನಾನು "ನಮ್ಮವರನ್ನ" ಎನ್ನುವ ಬದಲು ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳತೊಡಗಿದೆ. ಅದುವರೆಗೆ ಗೊಣಗುತ್ತಿದ್ದ ಸರಸಳೇ ಸೆರಗಿನಿಂದ ಮೂಗೊರೆಸಿಕೊಂಡು, "ನಮ್ಮತ್ತಿಗೆನ್ನ ನೋಡ್ಲಿ ಬಿಡಿ. ಅಣ್ಣನ್ನ ಆವಾಗ್ಲೇ ನೋಡೈತೆ," ಎಂದಳು.

ಈಗ ಅದು ನಮ್ಮ ಅಂಗಳದಲ್ಲಿ, ಅಡುಗೆಮನೆಯ ಬಾಗಿಲಿಗೆ ಮುಖಮಾಡಿ ನಿಂತಿದೆ. ಅವರು ಕಂಡದ್ದು ಇದೇ ಏನು ಎಂದು ಕೇಳೋಣವೆಂದರೆ ಅವರೇ ಇಲ್ಲ. ಇದಂತೂ ಕಣ್ಣಲ್ಲೇ ಕಣ್ಣಿಟ್ಟು ನೋಡುತ್ತದೆ. ಮದುವೆಯಾದಾಗಿನಿಂದ ಕೆದರಿದ ತಲೆಯಲ್ಲೇ ನಮ್ಮವರ ಕೈಗೆ ಕಾಫಿ ಲೋಟ ಕೊಟ್ಟವಳು ನಾನು. ಈಗ ಬೆಳಿಗ್ಗೆ ಆ ಬಾಗಿಲು ತೆರೆಯುವ ಮುಂಚೆ ತಲೆ ಬಾಚಿ, ಸೆರಗು ಸರಿಮಾಡಿಕೊಳ್ಳುತ್ತೇನೆ.